ಎತ್ತು ಹಾಕಿದ ದಾರಿ, ನಾವು ಹಾಕಿದ ಕೊರಕಲು

ಬಿಡದಿಯಿಂದ ಮಂಚನಬೆಲೆ ಕಡೆ ಹೋಗುವಾಗ ಒಂದು ಕಡೆ ಡಾಂಬರು ಬಿಟ್ಟು ಮಣ್ಣುದಾರಿಗೆ ಇಳಿದರೆ ಸಣ್ಣದೊಂದು ದಿಬ್ಬ ಸಿಗುತ್ತೆ. ಊರಿನ ಹೆಸರು ಬರೆಯಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತೆ. ಹೋದ ವರ್ಷ ದಸರಾ ರಜೆ ಮುಗಿದ ಮೇಲೆ ನಾವು ಏಳು ಜನ ಸೈಕಲ್ ತಗೊಂಡು ಅಲ್ಲಿಗೆ ಹೋದಾಗ, ದಿಬ್ಬದ ನೆತ್ತಿಯಲ್ಲಿ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳು ಎಳೆದು ಹಾಕಿತ್ತು. ಎರಡು ಸೆಮಿಸ್ಟರ್ ಆ ಇಳಿಜಾರಿನಲ್ಲಿ ಮಜವಾಗಿ ಸೈಕಲ್ ಇಳಿಸಿದ್ದ ನಮಗೆ ಮೊದಲು ಬಂದಿದ್ದು ಸಿಟ್ಟು.

ಪಕ್ಕದ ಹೊಲದಿಂದ ಯಜಮಾನರೊಬ್ಬರು ಬಂದರು. ಬೈತಾರೆ ಅಂದುಕೊಂಡ್ವಿ, ಬೈಯಲಿಲ್ಲ. "ಬನ್ರಪ್ಪಾ ಇಲ್ಲಿ" ಅಂತ ಕರ್ಕೊಂಡು ಹೋಗಿ ರಾಗಿ ಹೊಲ ತೋರಿಸಿದರು. ತೆನೆ ಕಟ್ಟೋ ಹೊತ್ತು. ಎರಡು ಮಾರು ಉದ್ದಕ್ಕೆ ಬದು ಒಡೆದುಹೋಗಿತ್ತು. ಒಳಗಡೆ ಪೈರಿನ ಮೇಲೆ ಗರಸು ಹರಡಿಕೊಂಡು, ಒಂದಷ್ಟು ಬುಡ ನೆಲಕ್ಕೆ ಮಲಗಿತ್ತು.

"ನೀವು ಸೈಕಲ್ ಬಿಟ್ಕಂಡು ಇಳೀತೀರಲ್ಲಾ, ಆ ಜಾಡಲ್ಲೇ ನೀರು ಬತ್ತದೆ ಕಣ್ರಪ್ಪಾ. ಮೊದ್ಲು ಹಿಂಗಿರ್ನಿಲ್ಲ."

ನಮ್ಮಲ್ಲೊಬ್ಬ, "ಯಜಮಾನ್ರೇ, ಸೈಕಲ್ ಹದಿನೈದು ಕೆಜಿ ಅಷ್ಟೇ, ಅದರಿಂದ ಬದು ಒಡೆಯಲ್ಲ" ಅಂದ. ಅವರು ಏನೂ ಹೇಳದೆ ನಕ್ಕರು. ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ. ಹಾಸ್ಟೆಲಿಗೆ ಬಂದ ಮೇಲೆ, ಅವರು ಹೇಳಿದ್ದು ನಿಜವಾ ಅಂತ ಲೆಕ್ಕ ಹಾಕೋಣ ಅನ್ನಿಸಿತು. ಲೆಕ್ಕ ಆಮೇಲೆ ಹೇಳ್ತೀವಿ. ಮೊದಲು, ಈ ಸೈಕಲ್ ಹುಚ್ಚು ನಮಗೆ ಹಿಡಿದಿದ್ದು ಎಲ್ಲಿಂದ ಅನ್ನೋದು.

ಇಂಗ್ಲೆಂಡಿನ ಹಳ್ಳಿಗಾಡಿನ ವಿಡಿಯೊಗಳಿಂದ. ಹಸಿರು ಗುಡ್ಡ, ಕಾಡಿನ ನಡುವೆ ಹಾವಿನಂತೆ ಇಳಿಯೋ ಕಿರುದಾರಿ, ಕೆಸರು ಚಿಮ್ಮಿಸಿಕೊಂಡು ಬರೋ ಸವಾರ. ಟೋಕಿಯೊ ಒಲಿಂಪಿಕ್ಸ್‌ನಲ್ಲೂ 2024ರ ಪ್ಯಾರಿಸ್‌ನಲ್ಲೂ ಮೌಂಟೇನ್ ಬೈಕ್ ಚಿನ್ನ ಗೆದ್ದ ಟಾಮ್ ಪಿಡ್‌ಕಾಕ್ ಅಲ್ಲಿಯ ಲೀಡ್ಸ್‌ನವರು. ನೋಡಿದವರಿಗೆ ಅಲ್ಲಿ ಎಲ್ಲಿ ಬೇಕಾದರೂ ಸೈಕಲ್ ಓಡಿಸಬಹುದು ಅನ್ನಿಸುತ್ತೆ. ವಿಷಯ ಹಾಗಿಲ್ಲ. ಅಲ್ಲಿ ಹೊಲದ ನಡುವೆ ಹಾದುಹೋಗೋ ಸಾರ್ವಜನಿಕ ದಾರಿಗಳಲ್ಲಿ ಬಗೆಗಳಿವೆ. ಬರೀ ಕಾಲ್ನಡಿಗೆಯ ದಾರಿ ಒಂದು. ನಡೆಯೋರಿಗೂ ಕುದುರೆ ಸವಾರರಿಗೂ ಇರೋದು ಇನ್ನೊಂದು, ಅದಕ್ಕೆ ಬ್ರೈಡಲ್‌ವೇ ಅಂತಾರೆ, ಕಡಿವಾಣದ ದಾರಿ ಅಂದುಕೊಳ್ಳಿ. ಕಾಲ್ನಡಿಗೆಯ ದಾರಿಯಲ್ಲಿ ಸೈಕಲ್ಲಿಗೆ ಹಕ್ಕಿಲ್ಲ. ಕುದುರೆ ದಾರಿಯಲ್ಲಿ ಇದೆ. ಅದು ಬಂದದ್ದು 1968ರ ಕಂಟ್ರಿಸೈಡ್ ಆಕ್ಟ್‌ನ 30ನೇ ಸೆಕ್ಷನ್‌ನಿಂದ. ಆಗ ಮೌಂಟೇನ್ ಬೈಕ್ ಅನ್ನೋ ವಸ್ತು ಇನ್ನೂ ಹುಟ್ಟಿರಲಿಲ್ಲ! ಆ ಹಕ್ಕಿಗೆ ಒಂದು ಷರತ್ತೂ ಇದೆ: ನಡೆಯೋರಿಗೆ, ಕುದುರೆ ಮೇಲೆ ಬರೋರಿಗೆ ಸೈಕಲ್ಲಿನವರು ದಾರಿ ಬಿಡಬೇಕು.

ಯಾವ ದಾರಿ ಯಾವ ಬಗೆಯದು ಅಂತ ಗೊತ್ತಾಗೋಕೆ ನಕ್ಷೆ ಇದೆ. 1949ರ ಇನ್ನೊಂದು ಕಾಯ್ದೆಯ ಪ್ರಕಾರ ಕೌಂಟಿ ಆಡಳಿತಗಳು ತಮ್ಮ ವ್ಯಾಪ್ತಿಯ ಹಕ್ಕಿನ ದಾರಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಬೇಕಾಯಿತು. ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ನಕ್ಷೆ ತೆಗೆದು ನೋಡಿದರೆ ಹಸಿರು ಬಣ್ಣದ ಗಿಡ್ಡ ಗೆರೆಗಳು ಕಾಲುದಾರಿ, ಉದ್ದ ಗೆರೆಗಳು ಕುದುರೆ ದಾರಿ. ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ ಸೀಮೆಸುಣ್ಣದ ಕಲ್ಲಿನ ಗುಡ್ಡಗಳ ಮೇಲೆ ಸುಮಾರು 160 ಕಿಲೋಮೀಟರ್ ಹೋಗೋ ಸೌತ್ ಡೌನ್ಸ್ ವೇಯನ್ನು ಇಡೀ ಸೈಕಲ್‌ನಲ್ಲೇ ಮುಗಿಸಬಹುದು.

ವಿಡಿಯೊಗಳಲ್ಲಿ ಕಾಣೋ ಭಾರಿ ನೆಗೆತ, ಕಡಿದಾದ ಇಳಿತ ಇದೆಯಲ್ಲ, ಅದು ಹೆಚ್ಚಾಗಿ ಬೇರೆ ಜಾತಿ. ಸೈಕಲ್ಲಿಗೆಂದೇ ಕಟ್ಟಿದ ಟ್ರೇಲು. ಲೇಕ್ ಡಿಸ್ಟ್ರಿಕ್ಟಿನ ಗ್ರೈಸ್‌ಡೇಲ್, ಯಾರ್ಕ್‌ಶೈರಿನ ಡಾಲ್ಬಿ ಅಂಥ ಸರಕಾರಿ ಕಾಡುಗಳಲ್ಲಿ ಇವಿದ್ದು, ಹಸಿರು, ನೀಲಿ, ಕೆಂಪು, ಕಪ್ಪು ಅಂತ ಕಷ್ಟದ ಮಟ್ಟ ಹಚ್ಚಿರ್ತಾರೆ. 2012ರ ಲಂಡನ್ ಒಲಿಂಪಿಕ್ಸ್‌ನ ಮೌಂಟೇನ್ ಬೈಕ್ ಸ್ಪರ್ಧೆ ನಡೆದದ್ದು ಎಸೆಕ್ಸ್‌ನ ಹ್ಯಾಡ್ಲಿ ಅನ್ನೋ ಕಡೆ, ಒಂದು ಫಾರ್ಮಿನ ಜಮೀನಿನಲ್ಲಿ, ಬಂಡೆ ಜೋಡಿಸಿ ಕಟ್ಟಿದ ದಾರಿಯಲ್ಲಿ. ನಾವು ನೋಡಿದ್ದು ಆ ಇಳಿತವನ್ನು. ಅದರ ಕೆಳಗೆ ಹಾಸಿರೋ ಕಲ್ಲನ್ನಲ್ಲ. ಕಲ್ಲಿಲ್ಲದ ನಮ್ಮ ದಿಬ್ಬದಲ್ಲಿ ಅದೇ ಇಳಿತ ಇಳಿಯೋಕೆ ಹೋದ್ವಿ.

ಈಗ ನಮ್ಮೂರಿಗೆ ಬರೋಣ. ನಮಗೂ ನಕ್ಷೆ ಇದೆ, ಆದರೆ ನಮ್ಮಲ್ಲಿ ಯಾರೂ ತೆಗೆದು ನೋಡಿರಲಿಲ್ಲ. ಭೂದಾಖಲೆ ಇಲಾಖೆಯ ಗ್ರಾಮ ನಕಾಶೆಯಲ್ಲಿ ಸರ್ವೆ ನಂಬರುಗಳ ಜೊತೆ ಬಂಡಿದಾರಿ, ಕಾಲುದಾರಿ ಎರಡೂ ಇರುತ್ತೆ. ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲುದಾರಿ. ನಕಾಶೆ ಆನ್‌ಲೈನ್‌ನಲ್ಲೇ ಸಿಗುತ್ತೆ. ನಿಂತ ಜಾಗ ಯಾವ ಸರ್ವೆ ನಂಬರು ಅಂತ ತಿಳಿಯೋಕೆ ದಿಶಾಂಕ್ ಆ್ಯಪ್ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ರಾತ್ರಿ ನಮಗೆ ಗೊತ್ತಾಗಿದ್ದು ಇಷ್ಟು: ಆ ದಿಬ್ಬದಲ್ಲಿ ಬಂಡಿದಾರಿ ಇರೋದು ನಿಜ. ಆದರೆ ಅದು ದಿಬ್ಬವನ್ನು ಪಕ್ಕಕ್ಕೆ ಬಳಸಿಕೊಂಡು ಇಳಿಯುತ್ತೆ. ನಾವು ಇಳಿಯುತ್ತಿದ್ದ ನೇರ ಜಾಡು ಯಾವ ನಕಾಶೆಯಲ್ಲೂ ಇಲ್ಲ. ಅದು ನಾವೇ ಮಾಡಿದ್ದು.

ಬಂಡಿದಾರಿಯ ನಕಾಶೆಯಲ್ಲಿ ಸೈಕಲ್ ಅಂತ ಎಲ್ಲೂ ಬರೆದಿಲ್ಲ, ಇಂಗ್ಲೆಂಡಿನ ಆ 30ನೇ ಸೆಕ್ಷನ್ ಥರ ಒಂದು ಸಾಲು ನಮಗಿಲ್ಲ. ಆದರೂ ಬಂಡಿ ಹೋಗೋ ಕಡೆ ಸೈಕಲ್ ಹೋದರೆ ನಮ್ಮ ಕಡೆ ಯಾರೂ ತಕರಾರು ಮಾಡಲ್ಲ, ಎದುರಿಗೆ ಬಂದವರಿಗೆ ನಿಂತು ದಾರಿ ಬಿಟ್ಟರೆ ಸಾಕು. ತಕರಾರು ಬರೋದು ದಾರಿ ಬಿಟ್ಟು ಹೊಲಕ್ಕೆ, ಬದುವಿಗೆ, ರೇಷ್ಮೆ ಸೊಪ್ಪಿನ ತೋಟಕ್ಕೆ ಚಕ್ರ ಇಳಿಸಿದಾಗ.

ಕಾಡಿನ ವಿಚಾರ ಬೇರೆ. ಇದನ್ನು ಫಸ್ಟ್ ಇಯರಿನವರು ಗಮನ ಇಟ್ಟು ಓದಬೇಕು. ನಮ್ಮ ಸುತ್ತಲಿನ ಚಂದದ ಗುಡ್ಡಗಳಲ್ಲಿ ಬಹುಪಾಲು ಅರಣ್ಯ ಇಲಾಖೆಯವು. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ, ಕಾಲಿನಲ್ಲಿ ಹೋದರೂ ಅಷ್ಟೇ, ಸೈಕಲ್ಲಲ್ಲಿ ಹೋದರೂ ಅಷ್ಟೇ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯ ಅಂತ ಘೋಷಿಸಿದರು, ದೇಶದಲ್ಲೇ ಮೊದಲನೆಯದು. ಅಲ್ಲಿಯ ಬಂಡೆಗಳ ಅಂಚಿನಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತೆ. "ಶೋಲೆ ತೆಗೆದ ಜಾಗದಲ್ಲಿ ರೈಡ್" ಅಂತ ಪೋಸ್ಟ್ ಹಾಕೋ ಆಸೆ ಇದ್ದರೆ ಬಿಟ್ಟುಬಿಡಿ. ಸಾವನದುರ್ಗ, ಮಾಗಡಿ, ಕನಕಪುರ ಕಡೆಯ ಕಾಡಂಚಿನಲ್ಲಿ ಆನೆ, ಕರಡಿ, ಚಿರತೆ ಓಡಾಡ್ತವೆ. ಸೈಕಲ್ ಸದ್ದಿಲ್ಲದೆ ಹೋಗುತ್ತೆ ಅನ್ನೋದೇ ಅಲ್ಲಿ ಅಪಾಯ, ತಿರುವಿನಾಚೆ ಏನಿದೆ ಅಂತ ನಮಗೂ ಗೊತ್ತಿರಲ್ಲ, ಅದಕ್ಕೂ ಗೊತ್ತಿರಲ್ಲ. ಬೆಳಕು ಹರಿಯೋ ಮುಂಚೆ, ಸಂಜೆ ಕತ್ತಲಾಗೋ ಹೊತ್ತು ಕಾಡಂಚು ಬೇಡ.

ಇನ್ನು ಲೆಕ್ಕ. ಲ್ಯಾಬಿನಿಂದ ಆಟೋ ಲೆವೆಲ್ ಕೇಳೋ ಧೈರ್ಯ ನಮಗಿರಲಿಲ್ಲ. ಗಾರೆ ಕೆಲಸದವರು ಮಟ್ಟ ನೋಡೋಕೆ ಬಳಸೋ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿಕೊಂಡು, ಟೇಪು ಹಿಡಿದು ಒಂದು ಭಾನುವಾರ ಪೂರ್ತಿ ಅಳೆದ್ವಿ. ದಿಬ್ಬದ ನೆತ್ತಿಗೂ ಬುಡಕ್ಕೂ ಎತ್ತರದ ವ್ಯತ್ಯಾಸ 13 ಮೀಟರ್. ನಮ್ಮ ನೇರ ಜಾಡಿನ ಉದ್ದ 60 ಮೀಟರ್. ಅಂದರೆ ಇಳಿಜಾರು ಹತ್ತಿರ ಹತ್ತಿರ 22 ಶೇಕಡಾ. ಬಂಡಿದಾರಿ ಅದೇ 13 ಮೀಟರ್ ಇಳಿಯೋಕೆ 190 ಮೀಟರ್ ತಗೊಳ್ಳುತ್ತೆ. ಇಳಿಜಾರು 7 ಶೇಕಡಾಕ್ಕಿಂತ ಸ್ವಲ್ಪ ಕಮ್ಮಿ.

ಅಮೆರಿಕದ ಇಂಟರ್‌ನ್ಯಾಷನಲ್ ಮೌಂಟೇನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಟ್ರೇಲು ಕಟ್ಟೋರಿಗೆ ಹೇಳೋ ಮುಖ್ಯ ನಿಯಮ ಒಂದಿದೆ, ಅರ್ಧದ ನಿಯಮ ಅಂತಾರೆ. ಗುಡ್ಡದ ಮೈ ಎಷ್ಟು ಇಳಿಜಾರೋ, ದಾರಿಯ ಇಳಿಜಾರು ಅದರ ಅರ್ಧಕ್ಕಿಂತ ಹೆಚ್ಚಿರಬಾರದು. ಹೆಚ್ಚಾದರೆ ನೀರು ದಾರಿಯನ್ನು ಅಡ್ಡ ದಾಟಿ ಹೋಗೋ ಬದಲು ದಾರಿಯುದ್ದಕ್ಕೂ ಹರಿಯುತ್ತೆ. ನಮ್ಮ ದಿಬ್ಬದ ಮೈ 22, ಅದರ ಅರ್ಧ 11. ಬಂಡಿದಾರಿ 7ರೊಳಗೆ ಇದೆ, ಪಾಸು. ಇನ್ನೊಂದು ಮಾತು, ಇಡೀ ದಾರಿಯ ಸರಾಸರಿ ಇಳಿಜಾರು 10 ಶೇಕಡಾ ಮೀರದಿದ್ದರೆ ಒಳ್ಳೇದು ಅಂತ. ಅದರಲ್ಲೂ ಪಾಸು. ನಮ್ಮ ಜಾಡು ಎರಡರಲ್ಲೂ ಫೇಲು.

ಆ ಬಂಡಿದಾರಿ ಮಾಡಿದವರು ಯಾವ ನಿಯಮಾವಳಿಯನ್ನೂ ಓದಿರಲಿಲ್ಲ. ಹೇರು ತುಂಬಿದ ಗಾಡಿಯನ್ನು ಜೋಡೆತ್ತು 22 ಶೇಕಡಾ ಏರಿನಲ್ಲಿ ಎಳೆಯಲಾರವು, ಇಳಿವಾಗ ನೊಗ ಕತ್ತಿಗೆ ನುಗ್ಗಿ ಬರುತ್ತೆ. ಹಾಗಾಗಿ ಎತ್ತಿಗೆ ಆಗೋ ಕಡೆ ದಾರಿ ಬಿತ್ತು. ಅದೇ ಇಳಿಜಾರು ನೀರಿಗೂ ಸರಿಹೋಯ್ತು. ಇಂಗ್ಲೆಂಡಿನ ಕುದುರೆ ದಾರಿಗೂ ಸ್ವಲ್ಪ ಇದೇ ಕಥೆ. ಹಳೇದೆಲ್ಲ ಒಳ್ಳೇದು ಅಂತ ಇದರರ್ಥ ಅಲ್ಲ. ಅಲ್ಲಿ ಡಾರ್ಸೆಟ್, ಸರ್ರೆ ಕಡೆಗಳಲ್ಲಿ ಗೊರಸು, ಗಾಡಿ, ನೀರು ಮೂರೂ ಸೇರಿ ಶತಮಾನಗಳ ಕಾಲ ಕೊರೆದು, ಆಳೆತ್ತರಕ್ಕಿಂತ ಕೆಳಕ್ಕೆ ಇಳಿದುಹೋದ ಹಳೆ ದಾರಿಗಳಿವೆ. ಎರಡೂ ಬದಿ ಮಣ್ಣಿನ ಗೋಡೆ, ಮೇಲೆ ಮರದ ಬೇರು. ನಮ್ಮ ಕಡೆ ತಗ್ಗಾಗಿಹೋದ ಓಣಿಗಳನ್ನು ನೋಡಿದವರಿಗೆ ಅದರ ಚಿತ್ರ ಬರುತ್ತೆ.

ಈಗ ಯಜಮಾನರ ಮಾತಿನ ಲೆಕ್ಕ. ಇಳಿಜಾರಿನಲ್ಲಿ ಹರಿಯೋ ನೀರು ನೆಲವನ್ನು ಎಷ್ಟು ಬಲದಿಂದ ಉಜ್ಜುತ್ತೆ ಅನ್ನೋದಕ್ಕೆ ಸುಲಭದ ಸೂತ್ರ ಇದೆ: ನೀರಿನ ಸಾಂದ್ರತೆ × ಗುರುತ್ವ × ನೀರಿನ ಆಳ × ಇಳಿಜಾರು. ಉತ್ತರ ಪ್ಯಾಸ್ಕಲ್‌ನಲ್ಲಿ ಬರುತ್ತೆ. ಯಾವ ಗಾತ್ರದ ಕಲ್ಲು ಕದಲೋಕೆ ಎಷ್ಟು ಬೇಕು ಅನ್ನೋದಕ್ಕೆ ಆಲ್ಬರ್ಟ್ ಶೀಲ್ಡ್ಸ್ ಅನ್ನೋರು 1936ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ಸಂಶೋಧನೆ ಇದೆ, ಸಿವಿಲ್‌ನವರಿಗೆ ಹೆಸರು ಗೊತ್ತಿರುತ್ತೆ. ಒರಟು ಲೆಕ್ಕದಲ್ಲಿ 1 ಸೆಂಟಿಮೀಟರ್ ಗಾತ್ರದ ಜಲ್ಲಿ ಕದಲೋಕೆ 7 ಪ್ಯಾಸ್ಕಲ್ ಚಿಲ್ಲರೆ ಬೇಕು. ಗಾತ್ರ ದುಪ್ಪಟ್ಟಾದರೆ ಬೇಕಾದ ಬಲವೂ ದುಪ್ಪಟ್ಟು.

ಜಾಡು ಬೀಳೋ ಮುಂಚೆ ಮಳೆನೀರು ದಿಬ್ಬದ ಮೈಮೇಲೆ ತೆಳ್ಳಗೆ ಹರಡಿಕೊಂಡು ಇಳಿಯುತ್ತಿತ್ತು. ಆಳ 2 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. 1000 × 9.81 × 0.002 × 0.22. ಉತ್ತರ 4.3 ಪ್ಯಾಸ್ಕಲ್. 1 ಸೆಂಟಿಮೀಟರ್ ಜಲ್ಲಿ ಅಲ್ಲಾಡಲ್ಲ, ಮೇಲೆ ಹುಲ್ಲಿನ ಬೇರಿನ ಹಿಡಿತ ಬೇರೆ. ಜಾಡು ಬಿದ್ದ ಮೇಲೆ ಅದೇ ಮಳೆ, ಅದೇ ದಿಬ್ಬ, ಆದರೆ ಸುತ್ತಲಿನ ನೀರೆಲ್ಲ ಆ ಒಂದಡಿ ಅಗಲದ ತಗ್ಗಿಗೆ ಬಂದು ಸೇರುತ್ತೆ. ಆಳ 2 ಸೆಂಟಿಮೀಟರ್ ಆಯ್ತು ಅನ್ನಿ. ಈಗ 43 ಪ್ಯಾಸ್ಕಲ್. ಅದು ಕದಲಿಸೋದು ಸುಮಾರು 6 ಸೆಂಟಿಮೀಟರಿನ ಕಲ್ಲನ್ನು, ದೊಡ್ಡ ನಿಂಬೆಹಣ್ಣಿನಷ್ಟು. ಕಡಿದಾದ ಇಳಿಜಾರಿನಲ್ಲಿ ಶೀಲ್ಡ್ಸ್ ಲೆಕ್ಕ ಅಷ್ಟು ಕರಾರುವಾಕ್ಕಲ್ಲ, ಸರಿ. ಆದರೆ ಬದುವಿನ ಒಳಗೆ ಪೈರಿನ ಮೇಲೆ ಬಿದ್ದಿದ್ದ ಕಲ್ಲುಗಳನ್ನು ನೆನಪು ಮಾಡಿಕೊಂಡಾಗ ನಮಗೆ ವಾದ ಮಾಡೋಕೆ ಏನೂ ಉಳಿದಿರಲಿಲ್ಲ. "ಮೊದ್ಲು ಹಿಂಗಿರ್ನಿಲ್ಲ" ಅಂದಿದ್ದು ಹತ್ತು ಪಟ್ಟು ನಿಜ.

ಅಂದರೆ ಹದಿನೈದು ಕೆಜಿ ಸೈಕಲ್ ಬದು ಒಡೆಯಲಿಲ್ಲ. ಅದು ಹುಲ್ಲು ಸವೆಸಿ ನೀರಿಗೆ ಒಂದು ಕಾಲುವೆ ತೋಡಿಕೊಟ್ಟಿತು, ಮಿಕ್ಕಿದ್ದನ್ನು ಮಳೆ ಮಾಡಿತು. ಹಿಂದಿನ ಬ್ರೇಕ್ ಗಟ್ಟಿ ಹಿಡಿದು ಚಕ್ರ ಜಾರಿಸಿಕೊಂಡು ಇಳಿಯೋದು ಇದರಲ್ಲಿ ಎಲ್ಲಕ್ಕಿಂತ ಕೆಟ್ಟದು, ನೇಗಿಲು ಹೂಡಿದ ಹಾಗೆ ಮಣ್ಣು ಸಡಿಲ ಮಾಡುತ್ತೆ. ನಮ್ಮ ಗುಂಪಿನಲ್ಲಿ ಅದಕ್ಕೆ ಚಪ್ಪಾಳೆ ಬೀಳ್ತಿತ್ತು.

ನಮ್ಮ ಮಣ್ಣಿನ ಗುಣವೂ ಇದಕ್ಕೆ ಸೇರಿಕೊಂಡಿದೆ. ರಾಮನಗರದ ಸುತ್ತಲಿನ ಬಂಡೆ ಕ್ಲೋಸ್‌ಪೇಟ್ ಗ್ರಾನೈಟ್, ಊರಿನ ಹಳೇ ಹೆಸರೇ ಕಲ್ಲಿಗೂ ಬಂದಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಇದರೊಳಗಿನ ಫೆಲ್ಡ್‌ಸ್ಪಾರ್ ಕಾಲಕ್ರಮೇಣ ಕೊಳೆತು ಜೇಡಿಯಾಗುತ್ತೆ, ಕ್ವಾರ್ಟ್ಜ್ ಕಾಳು ಹಾಗೇ ಉಳಿಯುತ್ತೆ. ಜೇಡಿ ತೊಳೆದುಹೋದರೆ ಕೈಗೆ ಸಿಗೋದು ಬರೀ ಗರಸು, ಒಂದಕ್ಕೊಂದು ಅಂಟಲ್ಲ. ಬೇಸಿಗೆಯಲ್ಲಿ ಬರಿ ಬಂಡೆ ಮೇಲೆ ಈ ಕಾಳು ಹರಡಿದ್ದರೆ ಟೈರಿನ ಕೆಳಗೆ ಬೇರಿಂಗ್ ಗುಂಡು ಇಟ್ಟ ಹಾಗೆ, ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಿದರೆ ಮುಗೀತು. ಸೌತ್ ಡೌನ್ಸ್‌ನ ಸೀಮೆಸುಣ್ಣದ ಕಲ್ಲು ತದ್ವಿರುದ್ಧ, ಒಣಗಿದಾಗ ಗಟ್ಟಿ, ನೆನೆದರೆ ಸೋಪು. ಆದ್ದರಿಂದ ಇಂಗ್ಲಿಷ್ ವಿಡಿಯೊ ನೋಡಿ ಟೈರು ಕೊಳ್ಳಬೇಡಿ. ನಮಗೆ ಕೆಸರಿನ ಟೈರಿಗಿಂತ ನೆಗ್ಗಿಲು ಮುಳ್ಳಿಗೆ, ಜಾಲಿ ಮುಳ್ಳಿಗೆ ಔಷಧಿ ಮುಖ್ಯ, ಅಂದರೆ ಟ್ಯೂಬ್‌ಲೆಸ್ ಮತ್ತು ಒಳಗೆ ಸೀಲೆಂಟ್, ಇಲ್ಲವೇ ಬ್ಯಾಗಿನಲ್ಲಿ ಎರಡು ಟ್ಯೂಬು.

ಡಿಸೆಂಬರಿನಲ್ಲಿ ಯಜಮಾನರ ಹತ್ತಿರ ಮತ್ತೆ ಹೋದ್ವಿ. ಬದು ಕಟ್ಟಿಕೊಡ್ತೀವಿ ಅಂತ ಹೇಳೋಕೆ. ನಾವು ಇಂಟರ್ನಲ್ಸ್ ಮುಗಿಸಿ ಬರೋ ಹೊತ್ತಿಗೆ ಅವರೇ ಕಟ್ಟಿ ಮುಗಿಸಿದ್ದರು. ಹಾಗಾದರೆ ಕೊರಕಲಾದರೂ ಮುಚ್ಚುತ್ತೀವಿ ಅಂದ್ವಿ. "ಮಾಡ್ಕಳಿ" ಅಂದರು.

ಲೆಕ್ಕ ಮಾಡಿಕೊಂಡೇ ಹೋಗಿದ್ವಿ. ಕೊರಕಲಿಗೆ ಅಡ್ಡಲಾಗಿ ಒಂದಡಿ ಎತ್ತರದ ಕಲ್ಲಿನ ಸಾಲು ಕಟ್ಟಬೇಕು, ಒಂದರ ತಲೆ ಮಟ್ಟಕ್ಕೆ ಮೇಲಿನದರ ಬುಡ ಬರಬೇಕು. ಎತ್ತರವನ್ನು ಇಳಿಜಾರಿನಿಂದ ಭಾಗಿಸಿದರೆ ಅಂತರ, 0.30 ಭಾಗಿಸು 0.22, ಒಂದೂಕಾಲು ಮೀಟರಿಗಿಂತ ಸ್ವಲ್ಪ ಜಾಸ್ತಿ. 60 ಮೀಟರಿಗೆ 44 ಸಾಲು. ಗುದ್ದಲಿ, ಹಾರೆ, ಬಾಂಡ್ಲಿ ಹಿಡಿದು ಮೂರು ಭಾನುವಾರ ಕೈ ಬೊಬ್ಬೆ ಬರೋ ತನಕ ಕೆಲಸ ಮಾಡಿ ಕಟ್ಟಿದ್ದು 11. ಮೂರನೇ ಭಾನುವಾರ ಯಜಮಾನರು ಬಂದು ಸ್ವಲ್ಪ ಹೊತ್ತು ನೋಡಿ, "ಅಲ್ಲಾ, ಮೇಲ್ಗಡೆನೇ ನೀರು ತಿರುಗ್ಸುದ್ರೆ ಇಷ್ಟೆಲ್ಲಾ ಯಾಕ್ರಪ್ಪಾ?" ಅಂದರು. ನೆತ್ತಿಯಲ್ಲಿ ನೀರು ಜಾಡಿಗೆ ಇಳಿಯೋ ಬಾಯಿಗೆ ಮೊಣಕಾಲೆತ್ತರದ ಮಣ್ಣಿನ ಒಡ್ಡು ಹಾಕಿ, ಹುಲ್ಲು ದಟ್ಟವಾಗಿರೋ ಕಡೆ ನೀರನ್ನು ಬಿಡೋಕೆ ಹಿಡಿದದ್ದು ಅರ್ಧ ದಿನ. ಎಂಟು ಸೆಮಿಸ್ಟರ್ ಓದಿದವರೂ ನಮ್ಮ ಜೊತೆ ಇದ್ದರು ಅನ್ನೋದನ್ನು ಇಲ್ಲಿ ದಾಖಲಿಸ್ತಿದ್ದೀವಿ.

ಬಂಡಿದಾರಿಯಲ್ಲೂ ಎರಡು ಕಡೆ ನೀರು ನಿಲ್ಲುತ್ತಿತ್ತು. ಅಲ್ಲಿ ದಾರಿಯ ಹೊರ ಅಂಚನ್ನು ಒಳ ಅಂಚಿಗಿಂತ ಸ್ವಲ್ಪ ತಗ್ಗಿಸಿದ್ವಿ, ಸುಮಾರು 5 ಶೇಕಡಾ, ನೀರು ಅಡ್ಡ ದಾಟಿ ಹೋಗಲಿ ಅಂತ. ಹತ್ತು ಹದಿನೈದು ಮೀಟರಿಗೊಮ್ಮೆ ದಾರಿಯನ್ನು ಒಂಚೂರು ತಗ್ಗಿಸಿ ಮತ್ತೆ ಎತ್ತರಿಸಿದರೆ ನೀರು ಆ ತಗ್ಗಿನಲ್ಲಿ ಹೊರಗೆ ಹೋಗುತ್ತೆ, ಟ್ರೇಲು ಕಟ್ಟೋರು ಎಲ್ಲ ಕಡೆ ಮಾಡೋ ಕೆಲಸ ಇದು. ಸೈಕಲ್ಲಿಗೂ ಆ ಉಬ್ಬುತಗ್ಗು ಮಜಾ. ಮೇ ತಿಂಗಳ ಮಳೆಗೆ 11 ಸಾಲಿನಲ್ಲಿ ಒಂದು ಕಿತ್ತುಹೋಯಿತು, ಉಳಿದವುಗಳ ಹಿಂದೆ ಮಣ್ಣು ಕೂತಿದೆ. ಬಂಡಿದಾರಿಯ ಒಂದು ತಗ್ಗು ಹೂಳು ತುಂಬಿ ಮುಚ್ಚಿಹೋಗಿತ್ತು, ಮತ್ತೆ ತೆಗೆದ್ವಿ. ನೀರಿನ ದಾರಿಗೆ ಅಡ್ಡ ನಿಂತರೆ ಏನಾಗುತ್ತೆ ಅಂತ ಈ ಜಿಲ್ಲೆಯವರಿಗೆ ಹೇಳಬೇಕಿಲ್ಲ, 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಹೊಸ ಹೆದ್ದಾರಿ ಮುಳುಗಿದ್ದನ್ನು ಎಲ್ಲರೂ ನೋಡಿದ್ದೀವಿ.

ಹೆದ್ದಾರಿ ಅಂದ ಮೇಲೆ ಒಂದು ಮಾತು: 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಸೈಕಲ್, ಬೈಕು, ಆಟೊ ಯಾವುದೂ ಹೋಗೋ ಹಾಗಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಿ ಒಳದಾರಿಗೆ ತಿರುಗಬೇಕು. ಮಳೆ ಬಂದ ಮಾರನೇ ದಿನ ಮಣ್ಣುದಾರಿಗೆ ಹೋಗಬೇಡಿ. ಟೈರಿನ ಗುರುತು ಅರ್ಧ ಇಂಚಿಗಿಂತ ಆಳ ಬೀಳ್ತಿದ್ದರೆ ವಾಪಸ್ ಬಂದು ತಟ್ಟೆ ಇಡ್ಲಿ ತಿನ್ನಿ.

ಜಾಲಿ ಮುಳ್ಳು ಈಗ ಬಂಡಿದಾರಿಗೆ ಅಡ್ಡ ಇಲ್ಲ. ಯಜಮಾನರೇ ಅದನ್ನು ಎಳೆದು ನಮ್ಮ ಹಳೇ ಜಾಡಿನ ಬಾಯಿಗೆ ಹಾಕಿದ್ದಾರೆ. ಊರಿನ ಹೆಸರು ಬರೆಯದೇ ಇರೋದು ಇದಕ್ಕೇ, ಒಂದೇ ಭಾನುವಾರ ನಲವತ್ತು ಸೈಕಲ್ ಬಂದರೆ ಆ ಮುಳ್ಳು ಮತ್ತೆ ಜಾಗ ಬದಲಾಯಿಸುತ್ತೆ. ಆದರೆ ನಿಮ್ಮ ನಿಮ್ಮ ಊರಿನ ಗ್ರಾಮ ನಕಾಶೆಯಲ್ಲೂ ಜೋಡಿ ಚುಕ್ಕೆ ಗೆರೆ ಇದ್ದೇ ಇರುತ್ತೆ, ಹುಡುಕಿ.

ಕೊರಕಲಿನ ಐದು ಕಡೆ ಕಲ್ಲಿಗೆ ಬಣ್ಣ ಹಚ್ಚಿ ಆಳ ಗುರುತು ಮಾಡಿದ್ದೀವಿ. ಜನವರಿಯಲ್ಲಿ ತೀರ ಆಳದ ಕಡೆ 41 ಸೆಂಟಿಮೀಟರ್ ಇತ್ತು, ಜೂನ್‌ನಲ್ಲಿ 36. ಸೆಪ್ಟೆಂಬರ್, ಅಕ್ಟೋಬರ್ ಮಳೆ ಇನ್ನೂ ಬಾಕಿ. ಅದು ಕಳೆದ ಮೇಲೆ ಮೊದಲ ಭಾನುವಾರ ಮತ್ತೆ ಅಳೆಯೋಕೆ ಹೋಗ್ತೀವಿ. ಸೈಕಲ್ ಇಲ್ಲದಿದ್ದರೂ ಪರವಾಗಿಲ್ಲ ಬನ್ನಿ, ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಜನ ಬೇಕು.